ಕುದ್ರುವಿನ ಗೋಡೆಗಳಿಗೆ ಗೆರೆ ಎಳೆದವರು

ಮೇಡಂ ಅವರ ಎರಡೂ ಕೈಗಳು ಮೊಣಕೈವರೆಗೆ ಬೆಳ್ಳಗಿದ್ದವು. ತೊನ್ನು. ಉಳಿದ ಮೈಯೆಲ್ಲ ನಮ್ಮ ಕಡಲತೀರದ ಸಾದಾ ಕಪ್ಪು. ಮೊಣಕೈಯಿಂದ ಕೆಳಗೆ ಮಾತ್ರ ಸುಣ್ಣದ ಡಬ್ಬಿಗೆ ಅದ್ದಿ ತೆಗೆದ ಹಾಗೆ. ಅದನ್ನು ಮುಚ್ಚಿಕೊಳ್ಳಲು ಅವರು ಪ್ರಯತ್ನಪಟ್ಟದ್ದನ್ನು ನಾನು ಕಾಣೆ. ಆಫೀಸಿಗೆ ಹೊಸಬರು ಯಾರು ಬಂದರೂ ತಾವೇ ಎದ್ದು ಹೋಗಿ ಚಹಾ ಮಾಡಿ ತಂದು ಕೊಡುತ್ತಿದ್ದರು. ಲೋಟ ಹಿಡಿಯಲು ಬಂದವರು ಒಂದು ಗಳಿಗೆ ತಡೆದರೆ ಮುಗಿಯಿತು. “ಕುಡಿನಿ, ಕುಡಿನಿ, ಇದ್ ಅಂಟುದ್ ಅಲ್ಲ” ಎಂದು ಹೇಳಿ, ಆ ಮನುಷ್ಯ ಕೊನೆಯ ಗುಟುಕು ಇಳಿಸುವವರೆಗೂ ಎದುರಿಗೇ ನಿಂತು ನೋಡುತ್ತಿದ್ದರು. ಬಾಯಿ ಸುಟ್ಟುಕೊಂಡು ಕುಡಿದವರನ್ನು ನಾನು ಕಂಡಿದ್ದೇನೆ. ನಾನೂ ಹಾಗೇ ಕುಡಿದವಳು.

ಅವರ ಹತ್ತಿರ ನಾನು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ವರ್ಷಕ್ಕೆ. ನನ್ನ ಮನೆ ಕೋಟೇಶ್ವರ. ಸಿವಿಲ್ ಡಿಪ್ಲೊಮಾ ಮಾಡಿ, ಒಬ್ಬ ಗುತ್ತಿಗೆದಾರರ ಕೈಕೆಳಗೆ ರಸ್ತೆಯ ಅಳತೆ ಬರೆದು, ಮದುವೆಯಾಗಿ, ಮಗಳು ಬಾಲವಾಡಿಗೆ ಹೋಗತೊಡಗಿದ ಮೇಲೆ ಬೇರೆ ಕೆಲಸ ಹುಡುಕುತ್ತಿದ್ದೆ. ಕುಂದಾಪುರದ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಬಲೆಯ ನೂಲು, ಹಗ್ಗ ಮಾರುವ ಅಂಗಡಿಯ ಮಾಳಿಗೆಯಲ್ಲಿ ಮೇಡಂ ಆಫೀಸು. ಸರಕಾರಿ ನೌಕರಿಯಲ್ಲಿ ಬಹಳ ಕಾಲ ಅಣೆಕಟ್ಟು, ಕಾಲುವೆಗಳ ವಿನ್ಯಾಸ ಮಾಡಿದವರು. ಮೇಲಿನವರ ಹತ್ತಿರ ಜಗಳವಾಡಿ, ಅವಧಿಗೆ ಮೊದಲೇ ನಿವೃತ್ತಿ ಪಡೆದು ಊರಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಹೆಮ್ಮಾಡಿಯ ಆಚೆ ಹೊಳೆದಂಡೆಯಲ್ಲಿ ಗದ್ದೆ, ತೆಂಗಿನ ತೋಟ ಇದ್ದ ದೊಡ್ಡ ಮನೆತನ ಅವರದು. ಅದನ್ನೆಲ್ಲ ಅಣ್ಣ ನೋಡಿಕೊಳ್ಳುತ್ತಿದ್ದರು. ಮೇಡಂ ಮಾತ್ರ ಆಫೀಸಿನ ಹಿಂದಿನ ಕೋಣೆಯಲ್ಲಿ ತಮ್ಮ ಅಡುಗೆ ತಾವು ಮಾಡಿಕೊಂಡು ಇದ್ದರು.

ನಮ್ಮ ಕೆಲಸವೆಂದರೆ ಹೊಳೆಯನ್ನು ಕಂಪ್ಯೂಟರಿನೊಳಗೆ ಇಳಿಸುವುದು. ಹೊಳೆಯ ಅಗಲ, ಆಳ, ದಂಡೆಯ ಎತ್ತರ ಎಲ್ಲ ಅಳೆದು ತಂದು ಸಾಫ್ಟ್‌ವೇರಿಗೆ ಕೊಡಬೇಕು. ಮೇಲಿನಿಂದ ಮಳೆಗಾಲದ ನೀರು ಬಿಡಬೇಕು, ಕೆಳಗಿನಿಂದ ಕಡಲಿನ ಉಬ್ಬರ ಇಳಿತ ಕೊಡಬೇಕು. ಇಲ್ಲೊಂದು ಸೇತುವೆ ಕಟ್ಟಿದರೆ, ಅಲ್ಲೊಂದು ಅಣೆಕಟ್ಟು ಕಟ್ಟಿದರೆ ನೆರೆ ಬಂದಾಗ ನೀರು ಎಲ್ಲಿಗೆ ಏರುತ್ತದೆ ಎಂದು ಅದು ಲೆಕ್ಕ ಹಾಕಿ ನೀಲಿ ಬಣ್ಣದಲ್ಲಿ ತೋರಿಸುತ್ತದೆ. ಒಂದೇ ಉದ್ದೇಶಕ್ಕೆ ಎರಡು ಮೂರು ದಾರಿ ಇರುತ್ತವೆ. ಒಂದೊಂದು ದಾರಿಯೂ ಒಂದು ಪರ್ಯಾಯ. ಅವುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ, ಯಾವುದು ಮೇಲು ಎಂದು ಹೇಳುವುದಕ್ಕೇ ಜನ ನಮಗೆ ಕೆಲಸ ಕೊಡುತ್ತಿದ್ದರು.

ಸೇರಿದ ಹೊಸದರಲ್ಲಿ ಒಂದು ಸೇತುವೆಗೆ ಎರಡು ಪರ್ಯಾಯ ಮಾಡಿ ತೋರಿಸಿದೆ. ವಾರಗಟ್ಟಲೆಯ ಕೆಲಸ. ಎರಡನೆಯದು ಚೆನ್ನಾಗಿ ಬಂದಿತ್ತು, ನೀರು ಕಡಿಮೆ ಏರುತ್ತಿತ್ತು. ಮೇಡಂ ಒಳಗಿನ ಅಂಕಿಗಳನ್ನು ತೆರೆದು ನೋಡಿದರು. ಮೊದಲನೆಯದಕ್ಕೆ ಹುಣ್ಣಿಮೆಯ ದೊಡ್ಡ ಉಬ್ಬರ ಕೊಟ್ಟಿದ್ದೆ, ಎರಡನೆಯದರಲ್ಲಿ ಯಾವುದೋ ಸಾಧಾರಣ ದಿನದ ಉಬ್ಬರ ಉಳಿದುಬಿಟ್ಟಿತ್ತು.

“ಒಂದ್ ಮಗಿಗ್ ಹಾಲ್ ಕುಡ್ಸಿ, ಇನ್ನೊಂದಕ್ಕ್ ಗಂಜಿತಿಳಿ ಕೊಟ್ಟ್, ಯಾವ್ದ್ ದಪ್ಪ ಇತ್ತ್ ಅಂದ್ ಕೇಂತ್ಯಾ ನೀನ್?” ಎಂದರು. “ಹೋಲ್ಸ್ಕ್ ಅಂದ್ರೆ ಒಂದೇ ಮಳಿ, ಒಂದೇ ಕಡ್ಲ್, ಒಂದೇ ಹೊಳಿ ಕೊಡ್ಕ್. ಇದ್ ಹೋಲ್ಸುದ್ ಅಲ್ಲ, ಮೋಸ.”

ಎಂದವರೇ ಎರಡನ್ನೂ ಅಳಿಸಿ ಹಾಕಿದರು. ಸರಿಯಿದ್ದದ್ದನ್ನೂ. ನನಗೆ ಅಳು ತಡೆಯಲಿಲ್ಲ. ಅವರು ನನ್ನ ಕಡೆ ನೋಡದೆಯೇ ಹೇಳಿದರು: “ಮರ್ಕುದಾದ್ರೆ ಮೆಟ್ಲ್ ಹತ್ರ ಹೋಯಿ ಮರ್ಕ್. ಕೀಬೋರ್ಡಿಗ್ ನೀರ್ ಬೀಳುದ್ ಬ್ಯಾಡ.”

ಅಂಗಡಿಯ ಹಗ್ಗದ ವಾಸನೆಯ ಆ ಮೆಟ್ಟಿಲ ಮೇಲೆ ಕುಳಿತು ಅತ್ತು, ಕೆಲಸ ಬಿಡುತ್ತೇನೆಂದು ತೀರ್ಮಾನಿಸಿ, ಮತ್ತೆ ಮೇಲೆ ಹತ್ತಿ ಹೋದೆ. ಹೋಗಿ ನೋಡಿದರೆ ಅವರು ನನ್ನ ಕುರ್ಚಿಯಲ್ಲಿ ಕುಳಿತು ಮೊದಲಿನಿಂದ ಹೊಳೆಯನ್ನು ಕಟ್ಟುತ್ತಿದ್ದರು. “ಕೂಕೋ, ಕಾಣ್” ಎಂದರು. ಸಂಜೆಯವರೆಗೆ ನೋಡಿದೆ. ನಾನು ಕಲಿತದ್ದೆಲ್ಲ ಹೀಗೆ, ಬೈಸಿಕೊಂಡು.

ಕುದ್ರುವಿನ ಕೆಲಸ ಬಂದದ್ದು ಇದಾಗಿ ಒಂದೆರಡು ವರ್ಷಕ್ಕೆ. ಬೇಸಗೆಯಲ್ಲಿ ಉಬ್ಬರದ ಜತೆ ಉಪ್ಪುನೀರು ಹೊಳೆಯುದ್ದಕ್ಕೂ ಮೇಲೇರಿ ಬಾವಿ, ಗದ್ದೆ ಎಲ್ಲ ಕೆಡುತ್ತಿತ್ತು. ಅದನ್ನು ತಡೆಯಲು ಕಿಂಡಿ ಅಣೆಕಟ್ಟು ಬೇಕೆಂದು ದಂಡೆಯ ರೈತರು ಎಷ್ಟೋ ಕಾಲದಿಂದ ಕೇಳುತ್ತಿದ್ದರು. ಕಂಬಗಳ ನಡುವೆ ಬಾಗಿಲಿನಂಥ ಕಿಂಡಿಗಳು. ಮಳೆ ನಿಂತ ಮೇಲೆ ಅವಕ್ಕೆ ಹಲಗೆ ಇಳಿಸಿ ಸಿಹಿನೀರು ನಿಲ್ಲಿಸುವುದು, ಮಳೆಗಾಲ ಬರುವ ಮೊದಲು ಹಲಗೆ ಎತ್ತಿ ಹೊಳೆಯನ್ನು ಅದರ ಪಾಡಿಗೆ ಬಿಡುವುದು. ಎಲ್ಲಿ ಕಟ್ಟಬೇಕು ಎಂದು ಹೇಳುವ ಕೆಲಸ ಮೇಡಂಗೆ ಬಂತು.

ಪರ್ಯಾಯ ಮೂರು. ಮೊದಲನೆಯದು, ಏನೂ ಕಟ್ಟದೆ ಬಿಡುವುದು. ಎರಡನೆಯದು, ಹೊಳೆ ಕಿರಿದಾಗುವ ಕಡೆ ಕಟ್ಟುವುದು. ಕಿಂಡಿ ಕಡಿಮೆ, ಖರ್ಚೂ ಕಡಿಮೆ, ರೈತರ ಗದ್ದೆಯೆಲ್ಲ ಅದರ ಆಸರೆಗೆ ಬರುತ್ತದೆ. ಆದರೆ ಅದರ ಮೇಲ್ಗಡೆಗೆ, ಹೊಳೆಯ ನಡುವೆ ಒಂದು ಕುದ್ರು ಇತ್ತು. ಆ ನಡುಗಡ್ಡೆಯಲ್ಲಿ ಮೀನು ಹಿಡಿದು, ಮೀನು ಮಾರಿ ಬದುಕುವವರ ಕೆಲವು ಮನೆಗಳು. ಮೂರನೆಯದು, ಕುದ್ರುವಿಗಿಂತ ಮೇಲೆ, ಹೊಳೆ ಅಗಲವಾಗಿರುವ ಕಡೆ ಕಟ್ಟುವುದು. ಖರ್ಚು ಹೆಚ್ಚು, ಕೆಲವು ಗದ್ದೆಗಳು ಆಸರೆಯಿಂದ ಹೊರಗೆ ಉಳಿಯುತ್ತವೆ, ಜತೆಗೆ ದಂಡೆಯ ಸ್ವಲ್ಪ ಜಾಗ ಬಿಟ್ಟುಕೊಡಬೇಕು. ಆ ಜಾಗ ಮೇಡಂ ಅವರ ಅಣ್ಣನ ತೆಂಗಿನ ತೋಟ.

ಒಂದೇ ಮಳೆ, ಒಂದೇ ಕಡಲು ಕೊಟ್ಟು ಮೂರನ್ನೂ ಓಡಿಸಿ ನೋಡಿದೆವು. ಮೂರನೆಯದರಲ್ಲಿ ಕುದ್ರುವಿಗೆ ಈಗ ಬರುವಷ್ಟೇ ನೆರೆ, ಜಗಲಿಯ ಅಂಚಿನವರೆಗೆ. ಎರಡನೆಯದರಲ್ಲಿ ಕಂಬಗಳಿಗೆ ತಡೆದು ನೀರು ಹಿಂದಕ್ಕೆ ಒತ್ತಿ ಮನೆಗಳ ಕಿಟಕಿ ಮುಳುಗುತ್ತಿತ್ತು.

ಅಣ್ಣನಿಗೆ ಸುದ್ದಿ ಸಿಕ್ಕಿತು. ಎಳನೀರಿನ ಗೊನೆ ಹೊರಿಸಿಕೊಂಡು ಆಫೀಸಿಗೆ ಬಂದರು. ಬಿಳಿ ಪಂಚೆಯ, ಮೆತ್ತಗೆ ಮಾತಾಡುವ ಮನುಷ್ಯ. “ಕಾಣ್ ತಂಗಿ, ಎರಡನೇದೇ ಲಾಯ್ಕ್ ಅಂದ್ ಬರಿ. ಊರಿಗೆಲ್ಲ ಬೇಕಾದ್ದ್ ಅದೇ” ಎಂದರು.

“ಕುದ್ರಿನವ್ರ್?”

“ಅವ್ರ್ ನೀರಂಗೇ ಹುಟ್ಟಿದ್ರ್. ಅವ್ರಿಗ್ ನೆರಿ ಹೊಸತಾ?”

“ಎಳ್ನೀರ್ ವಾಪಾಸ್ ತಕಂಡ್ ಹೋಗ್ ಅಣ್ಣಯ್ಯ” ಎಂದರು ಮೇಡಂ. ಅಣ್ಣ ನಕ್ಕರು, ಗೊನೆಯನ್ನು ಬಿಟ್ಟೇ ಹೋದರು. ಅವರು ಮೆಟ್ಟಿಲಿಳಿಯುವ ಮೊದಲೇ ಮೇಡಂ ಅದನ್ನು ಕೆಳಗಿನ ಅಂಗಡಿಯವರಿಗೆ ಕೊಡಿಸಿದರು. ಒಂದನ್ನೂ ನಮಗೆ ಮುಟ್ಟಲು ಬಿಡಲಿಲ್ಲ.

ಆ ವಾರವೇ ಎರಡು ಡಬ್ಬಿ ಎಣ್ಣೆಬಣ್ಣ ತರಿಸಿದರು, ಒಂದು ಹಳದಿ, ಒಂದು ಕೆಂಪು. ನಾವಿಬ್ಬರೂ ದೋಣಿಯಲ್ಲಿ ಕುದ್ರುವಿಗೆ ಹೋದೆವು. ಮೇಡಂ ಅಳತೆಯ ಯಂತ್ರ ಇಟ್ಟು ಒಂದೊಂದು ಮನೆಯ ಗೋಡೆಯ ಮೇಲೂ ಎರಡು ಗೆರೆ ಎಳೆಯತೊಡಗಿದರು. ಮೂರನೆಯ ಪರ್ಯಾಯವಾದರೆ ನೀರು ಹಳದಿ ಗೆರೆಯವರೆಗೆ, ಎರಡನೆಯದಾದರೆ ಕೆಂಪು ಗೆರೆಯವರೆಗೆ.

“ಹ್ವಾಯ್ ಅಮ್ಮ, ಮದಿ ಮನಿಗೆ ನೀವೇ ಬಣ್ಣ ಬಳಿತ್ರಿಯಾ? ಲಾಯ್ಕಾತ್ತ್” ಎಂದು ಒಬ್ಬಳು ನಗುತ್ತ ಹೊರಗೆ ಬಂದಳು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕೂರುವ ಹೆಂಗಸು. ನಾವು ಅವಳ ಹತ್ತಿರವೇ ಮೀನು ಕೊಳ್ಳುತ್ತಿದ್ದೆವು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಕಾಲು ಬಿದ್ದುಹೋದ ಮುದಿ ತಾಯಿ ಮತ್ತು ಒಬ್ಬಳೇ ಮಗಳು. ಮಗಳಿಗೆ ಬೈಂದೂರು ಕಡೆಯ ಹುಡುಗನ ಜತೆ ಮದುವೆ ಗೊತ್ತಾಗಿತ್ತು. ಮನೆಗೆ ಗಂಡುದಿಕ್ಕಿಲ್ಲದ್ದರಿಂದ ಹುಡುಗ ಇಲ್ಲೇ ಬಂದು ಇರುವುದೆಂದು ಮಾತಾಗಿತ್ತು.

ಮೇಡಂ ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಕೆಂಪು ಗೆರೆ ಅವಳ ಕುತ್ತಿಗೆಗೆ ಸರಿಯಾಗಿ ಬಂತು. “ಕೆಳ್ಗಡಿ ಅಣೆಕಟ್ಟು ಕಟ್ಟಿರೆ, ದೊಡ್ಡ ನೆರಿ ಬಂದಾಗ ನೀರ್ ಇಲ್ಲಿಗ್ ಬತ್ತ್” ಎಂದರು. ಆ ಹೆಂಗಸಿನ ನಗು ನಿಂತುಹೋಯಿತು. ಜಗಲಿಯಲ್ಲಿ ಕೂತಿದ್ದ ಮುದುಕಿ “ಎಂತ ಅಂಬ್ರ್ ಅದ್? ಎಂತ ಅಂಬ್ರ್?” ಎಂದು ಕೇಳುತ್ತಲೇ ಇದ್ದಳು.

ವಾಪಸು ಬರುವಾಗ ದೋಣಿಯಲ್ಲಿ ನಾನು, “ಇಷ್ಟ್ ಹೆದರ್ಸ್ಕಿತ್ತಾ ಮೇಡಂ?” ಎಂದೆ.

“ಮೀಟಿಂಗಲ್ಲಿ ಕಾಗ್ದ ತೋರ್ಸಿರೆ ಅವ್ರಿಗ್ ಅರ್ಥ ಆತ್ತಾ? ಅವ್ರ್ ಗೋಡಿ ಅವ್ರಿಗ್ ಅರ್ಥ ಆತ್ತ್.”

ಅರ್ಥವಾದದ್ದು ಬೇರೆಯವರಿಗೆ. ಬೈಂದೂರಿನಿಂದ ಹುಡುಗನ ಕಡೆಯವರು ಮದುವೆಯ ಮಾತಿಗೆ ಬಂದಾಗ ಗೋಡೆಯನ್ನು ನೋಡಿದರು. ಏನು, ಎತ್ತ ಎಂದು ವಿಚಾರಿಸಿದರು. ಮುಳುಗುವ ಮನೆಗೆ ಹುಡುಗನನ್ನು ಕಳಿಸುವುದಿಲ್ಲ ಎಂದು ಹೇಳಿ ಊಟ ಮಾಡದೆ ಎದ್ದು ಹೋದರು.

ಮರುದಿನ ಆ ತಾಯಿ ನೇರ ಮಾರ್ಕೆಟ್ಟಿನಿಂದ ಆಫೀಸಿಗೆ ಬಂದಳು. ಖಾಲಿ ಬುಟ್ಟಿಯನ್ನು ನಮ್ಮ ನಡುವೆ ನೆಲಕ್ಕೆ ಬಡಿದು, “ನನ್ ಮಗಳ್ ನಿಮ್ಗೆ ಎಂತ ಮಾಡಿದ್ಳ್ ಅಮ್ಮ?” ಎಂದಳು.

“ನೀರ್ ನಾ ಬಿಟ್ಟದ್ದ್ ಅಲ್ಲ” ಎಂದರು ಮೇಡಂ. “ಗೆರಿ ಮಾತ್ರ ನಂದ್.”

“ಆ ಗೆರಿಯಿಂದ್ಲೇ ಮದಿ ತಪ್ಪಿತ್!”

“ಮದಿ ತಪ್ಪಿರೆ ಹೆಣ್ಣ್ ಸಾಯುದಿಲ್ಲೆ.” ಮೇಡಂ ತಮ್ಮ ಎರಡೂ ಕೈಗಳನ್ನು ಅವಳ ಮುಖದ ಹತ್ತಿರ ಚಾಚಿದರು. “ಕಾಣ್ ಇದನ್ನ. ನನ್ ಕಾಂಬುಕ್ ಬಂದವ್ರೆಲ್ಲ ಚಾ ಮುಟ್ಟದೇ ಎದ್ದ್ ಹೋಯಿರ್. ನಾ ಸತ್ನಾ?”

ಆ ಹೆಂಗಸು ಕೈಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. “ನೀವ್ ಸಾಯ್ಲಿಲ್ಲೆ ಅಮ್ಮ” ಎಂದಳು ನಿಧಾನಕ್ಕೆ. “ಅದಕ್ಕೇ ಬೇರೆಯವ್ರನ್ನ ಕೊಲ್ಲುಕ್ ಹೊರಟದ್ದ್.”

ಬುಟ್ಟಿ ಎತ್ತಿಕೊಂಡು ಹೋದಳು. ಮೀನಿನ ನೀರು ನೆಲದ ಮೇಲೆ ಉಳಿದಿತ್ತು. ಮೇಡಂ ಒಂದು ಬಟ್ಟೆ ತಂದು ತಾವೇ ಒರೆಸಿದರು, ಕೈ ತೊಳೆದು ಬಂದು, “ಎರಡನೇದ್ರ ಉಬ್ಬರ ಇನ್ನೊಂದ್ ಸಲ ಕಾಣ್” ಎಂದರು. ಅವರ ಮುಖದಲ್ಲಿ ಏನಾದರೂ ಕಾಣುತ್ತದೋ ಎಂದು ನಾನು ಹುಡುಕಿದೆ. ಏನೂ ಕಾಣಲಿಲ್ಲ. ಆ ದಿನ ನನಗೆ ಅವರ ಮೇಲೆ ಹೇಸಿಗೆ ಹುಟ್ಟಿತು; ಇದನ್ನು ಬರೆಯದೆ ಇದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಅಣೆಕಟ್ಟಿನ ಜಾಗ ತೀರ್ಮಾನಿಸಲು ಸಭೆ ನಡೆಯಿತು. ಅಷ್ಟರಲ್ಲಿ ಅಣ್ಣ ಮತ್ತು ಉಳಿದ ಜಮೀನುದಾರರು ಹೊರಗಿನಿಂದ ಇನ್ನೊಬ್ಬ ತಜ್ಞರನ್ನು ಕರೆಸಿ ಅದೇ ಸಾಫ್ಟ್‌ವೇರಿನಲ್ಲಿ ಬೇರೊಂದು ಹೋಲಿಕೆ ಮಾಡಿಸಿದ್ದರು. ಅದರ ಪ್ರಕಾರ ಎರಡನೆಯ ಪರ್ಯಾಯದಲ್ಲಿ ಕುದ್ರುವಿಗೆ ಏನೂ ತೊಂದರೆಯಿಲ್ಲ, ಮೂರನೆಯದರಲ್ಲೇ ನೀರು ಹೆಚ್ಚು. ಮೇಡಂ ವರದಿಯ ಹಾಳೆಗಳನ್ನು ಮಗುಚಿ ನೋಡಿ ಎದ್ದು ನಿಂತರು.

“ಎರಡನೇದಕ್ಕೆ ಇಳಿತದ ಕಡಲು ಕೊಟ್ಟಿದ್ದೀರಿ. ಮೂರನೇದಕ್ಕೆ ಹುಣ್ಣಿಮೆಯ ಉಬ್ಬರ ಕೊಟ್ಟಿದ್ದೀರಿ. ಇದು ಹೋಲಿಕೆಯಲ್ಲ” ಎಂದು ಎಲ್ಲರೆದುರು ಪುಸ್ತಕದ ಕನ್ನಡದಲ್ಲಿ ಹೇಳಿದರು.

ಆ ತಜ್ಞ ಮುಗುಳ್ನಕ್ಕ. ವೇದಿಕೆಯ ಮೇಲೆ ಕುಳಿತಿದ್ದ ಅಧಿಕಾರಿ, “ಮೇಡಂ, ಇಲ್ಲಿ ಜನ ನೀರು ಕೇಳಲಿಕ್ಕೆ ಬಂದಿದ್ದಾರೆ, ಪಾಠ ಕೇಳಲಿಕ್ಕಲ್ಲ” ಎಂದ. ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಕುದ್ರುವಿನವರ ಕಡೆಗೆ ಮೇಡಂ ಒಮ್ಮೆ ತಿರುಗಿ ನೋಡಿದರು. ಅವರಲ್ಲಿ ಒಬ್ಬರಾದರೂ ಮುಂದೆ ಬಂದು ‘ನಮ್ಮನೆ ಮುಳುಗುತ್ತದಂತೆ’ ಎಂದು ಕೇಳಬಹುದಿತ್ತು. ಮುಳುಗುವುದಿಲ್ಲ ಎಂದು ಹೇಳುವ ವರದಿ ಬಂದ ಮೇಲೆ, ಮುಳುಗುತ್ತದೆ ಎಂದು ಗೋಡೆ ಕೆಡಿಸಿ ಮದುವೆ ಮುರಿದವರ ಮಾತನ್ನು ಯಾರಾದರೂ ಯಾಕೆ ಹಿಡಿಯಬೇಕು? ಮೀನು ಮಾರುವ ಹೆಂಗಸು ಮೊದಲ ಸಾಲಿನ ರೈತರ ಜತೆಗೇ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡೆ.

ಎರಡನೆಯದನ್ನೇ ಕಟ್ಟಿದರು. ಹಲಗೆ ಹಾಕಿಸುವ, ತೆಗೆಸುವ ಜವಾಬ್ದಾರಿಗೆ ರೈತರದೊಂದು ಸಂಘವಾಯಿತು. ಅಣ್ಣನೇ ಅದರ ಅಧ್ಯಕ್ಷರು. ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಸಿಹಿನೀರು ನಿಂತು ಗದ್ದೆ ಚೆನ್ನಾಗಿ ಬಂತು. ಊರಿನಲ್ಲಿ ಮೇಡಂ ತಮಾಷೆಯ ವಸ್ತುವಾದರು. ಬಸ್ಸಿನಲ್ಲಿ ಯಾರೋ ಅವರ ಪಕ್ಕದ ಸೀಟಿನಿಂದ ಏಳುತ್ತ, “ಗೆರಿ ಎಳೀತ್ರ್ ಮಾರಾಯ್ರೆ, ಜಾಗ್ರತಿ” ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅವರ ಜತೆಗಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಕುದ್ರುವಿನ ಮನೆಯವರು ಗೋಡೆಗೆ ಸುಣ್ಣ ಹೊಡೆದರು. ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುತ್ತದೆಯೇ? ನಾಲ್ಕು ದಿನಕ್ಕೆ ಕೆಂಪು ಮತ್ತೆ ಇಣುಕಿತು. ಕಾಣುತ್ತಲೇ ಇರುವುದನ್ನು ನಂಬದೆ ಇರುವುದೂ ಕಷ್ಟ. ಮೀನು ಮಾರುವ ಹೆಂಗಸು ಬೈಯುತ್ತ ಬೈಯುತ್ತಲೇ ತಾಯಿಗೆಂದು ಒಂದು ಅಟ್ಟಣಿಗೆ ಕಟ್ಟಿಸಿದಳು, ಕೆಂಪು ಗೆರೆಗಿಂತ ಒಂದು ಗೇಣು ಮೇಲೆ. ನಡೆಯಲಾಗದ ಮುದುಕಿ, ಎಂದಾದರೂ ನೀರು ಬಂದರೆ ಎತ್ತಿ ಅಲ್ಲಿ ಮಲಗಿಸಬಹುದು ಎಂದು.

ಮುಂದೆ ಒಂದು ವರ್ಷ ಮಳೆ ತಡವಾಗುವ ಹಾಗೆ ಕಂಡಿತು. ಹಲಗೆ ತೆಗೆದರೆ ಇದ್ದ ಸಿಹಿನೀರೂ ಹೋಗುತ್ತದೆ, ಇನ್ನೊಂದಿಷ್ಟು ದಿನ ಇರಲಿ ಎಂದು ಸಂಘದವರು ಬಿಟ್ಟರು. ಮಳೆ ಬಂದದ್ದು ಒಮ್ಮೆಲೇ. ಘಟ್ಟದ ಮೇಲೂ ಇಲ್ಲೂ ಬಿಡದೆ ಸುರಿಯಿತು. ಹಲಗೆ ಎತ್ತಲು ಆಳುಗಳು ಹೋಗುವಷ್ಟರಲ್ಲಿ ನೀರಿನ ಒತ್ತಡಕ್ಕೆ ಅವು ಕಚ್ಚಿಕೊಂಡಿದ್ದವು. ಕೆಲವು ಮಾತ್ರ ಬಂದವು, ಉಳಿದ ಕಿಂಡಿಗಳಿಗೆ ಮರದ ಗೆಲ್ಲು, ಬಿದಿರಿನ ಮೆಳೆ ಬಂದು ತುಂಬಿಕೊಂಡಿತು.

ಬೆಳಗಿನ ಹೊತ್ತು ನೀರು ಕುದ್ರುವಿನ ಜಗಲಿ ಹತ್ತಿತು. ಜನರನ್ನು ಶಾಲೆಗೆ ಸಾಗಿಸಲು ಒಂದು ದೋಣಿ ಬಂತು. ತಾಯಿ ಮಗಳು ಸೇರಿ ಮುದುಕಿಯನ್ನು ಎತ್ತಿ ಅಟ್ಟಣಿಗೆಯ ಮೇಲೆ ಮಲಗಿಸಿದ್ದರು. ದೋಣಿಯವನು ಮುದುಕಿಯನ್ನು ಮೊದಲು ಕೊಡಿ ಎಂದ. ಪಕ್ಕದ ಮನೆಗಳ ಮಕ್ಕಳೆಲ್ಲ ನೀರಿನಲ್ಲಿ ನಿಂತು ಕೂಗುತ್ತಿದ್ದವು. ಆ ಹೆಂಗಸು ಗೋಡೆಯನ್ನು ನೋಡಿ, ತಾಯಿಯ ಕಡೆ ಕೈ ತೋರಿಸಿ ಹೇಳಿದಳಂತೆ: “ಅಬ್ಬಿ ಗೆರಿ ಮೇಲಿತ್ತ್. ಅಲ್ಲಿಗ್ ನೀರ್ ಬತ್ತಿಲ್ಲೆ. ಮೊದ್ಲ್ ಮಕ್ಕಳನ್ನ ಕೊಂಡ್ಹೋಯ್ನಿ.”

ಆ ಮಕ್ಕಳನ್ನು ಹಿಡಿದುಕೊಳ್ಳಲು ತಾಯಿ ಮಗಳೂ ದೋಣಿ ಹತ್ತಿದರು. ಅವರನ್ನೆಲ್ಲ ಶಾಲೆಗೆ ಬಿಟ್ಟು ದೋಣಿ ತಿರುಗಿ ಬರುವಾಗ ಹೊಳೆಯ ಸೆಳೆತಕ್ಕೆ ಸಿಕ್ಕಿ ತಡವಾಯಿತು. ಬಂದು ನೋಡಿದರೆ ಅಟ್ಟಣಿಗೆ ನೀರಿನೊಳಗಿತ್ತು. ಮುದುಕಿ ಬೀಳಬಾರದೆಂದು ಸೀರೆಯಲ್ಲಿ ಕಟ್ಟಿ ಹೋಗಿದ್ದರು. ಕಟ್ಟಿದ ಹಾಗೇ ಇದ್ದಳು.

ನೀರು ಇಳಿದ ಮೇಲೆ ಮೇಡಂ “ಹೋಯ್ಕ್” ಎಂದರು. ಬೇಡ ಎಂದೆ. ಕೇಳಲಿಲ್ಲ. ಶಾಲೆಯ ಜಗಲಿಯಲ್ಲಿ ಹೆಣ ಇಟ್ಟಿದ್ದರು. ಆ ಹೆಂಗಸು ಗೋಡೆಗೆ ಒರಗಿ ಕುಳಿತಿದ್ದಳು, ಮಗಳು ಪಕ್ಕದಲ್ಲಿ. ನಾನು “ಅಕ್ಕ” ಎಂದೆ, ತಿರುಗಲಿಲ್ಲ. ಅವಳು ನೋಡಿದ್ದು ಮೇಡಂನ.

“ನಿಮ್ ಗೆರಿ ನಂಬಿ ಬಿಟ್ಟ್ ಹೋದೆ” ಎಂದಳು. ಕೂಗಲಿಲ್ಲ. “ಬೈದದ್ದ್ ಬಾಯಂಗ್ ಮಾತ್ರ. ನಂಬಿದ್ದಿದ್ದೆ ನಾನ್.”

ಹಲಗೆ ತೆಗೆದಿರಲಿಲ್ಲ ಎಂಬುದು ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ಮೇಡಂ ಅದನ್ನು ಹೇಳುತ್ತಾರೆ ಎಂದು ಕಾದೆ. ಅವರು ಹೆಣದ ಕಾಲ ಬಳಿ ನಿಂತು, “ಲೆಕ್ಕ ನಂದ್. ತಪ್ಪಿದ್ದೂ ನಂದೇ” ಎಂದರು, ಅಷ್ಟೆ. ಯಾರೋ ಹಿಂದಿನಿಂದ ಒಂದು ಹಿಡಿ ಕೆಸರು ಎಸೆದರು. ಅದು ಅವರ ಬೆನ್ನಿಗೆ ಬಿತ್ತು. ಒರೆಸಿಕೊಳ್ಳದೆ ರಸ್ತೆಯವರೆಗೆ ನಡೆದು ಬಂದರು.

“ಹಲಗಿ ವಿಷಯ ಹೇಳ್ಲಕ್ಕಿತ್ತಲ್ದಾ ಮೇಡಂ?” ಎಂದೆ.

“ಹೆಣದ ಎದ್ರಿಗ್ ಹಲಗಿ ಲೆಕ್ಕ ಹೇಳುದಾ?”

ಅಲ್ಲಿಂದ ನೇರ ಅಣ್ಣನ ಮನೆಗೆ. ಅಣ್ಣ ಜಗಲಿಯಲ್ಲಿ ಕುಳಿತು ತೊಯ್ದ ಭತ್ತ ಹರವಿಸುತ್ತಿದ್ದರು. ಅಂಗಳದಲ್ಲೇ ನಿಂತು ಮೇಡಂ ಕೇಳಿದರು: “ಹಲಗಿ ಎಂತಕ್ ತೆಗಿಲಿಲ್ಲೆ?”

“ಮಳಿ ಬತ್ತ್ ಅಂದ್ ಕನಸ್ ಬಿದ್ದಿತ್ತಾ ನಂಗೆ?” ಎಂದರು ಅಣ್ಣ. ತಂಗಿಯ ಬೆನ್ನಿನ ಕೆಸರು ಅವರಿಗೆ ಕಾಣುತ್ತಿರಲಿಲ್ಲ. “ನೀ ಇಷ್ಟೆಲ್ಲ ಲೆಕ್ಕ ಮಾಡ್ದವ್ಳ್. ಜನ ಹಲಗಿ ತೆಗಿದೇ ಇದ್ರೆ ಎಂತ ಆತ್ತ್ ಅಂದ್ ನಿನ್ ಕಂಪ್ಯೂಟರಿಗ್ ಕೇಂಡಿದ್ಯಾ?”

ಮೇಡಂ ಅಂಗಳದಿಂದಲೇ ತಿರುಗಿ ನಡೆದರು. ಅದನ್ನು ಅವರು ಕೇಳಿರಲಿಲ್ಲ. ಒಂದೇ ಮಳೆ, ಒಂದೇ ಕಡಲು, ಒಂದೇ ಹೊಳೆ ಕೊಟ್ಟಿದ್ದರು. ಕಟ್ಟುವ ಎರಡೂ ಪರ್ಯಾಯಗಳಲ್ಲಿ ಕಿಂಡಿಗಳೆಲ್ಲ ತೆರೆದೇ ಇದ್ದವು. ಮನುಷ್ಯರು ತಮ್ಮ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಾರೆ ಎಂದು, ಮನುಷ್ಯರನ್ನು ಕಂಡರಾಗದ ಮೇಡಂ ನಂಬಿಬಿಟ್ಟಿದ್ದರು.

ಆಫೀಸಿಗೆ ಬಂದು ಸೀರೆಯನ್ನೂ ಬದಲಾಯಿಸದೆ ಕಂಪ್ಯೂಟರಿನ ಎದುರು ಕುಳಿತರು. ಹಳೆಯ ಕಡತ ತೆರೆದು ಅರ್ಧಕ್ಕೂ ಹೆಚ್ಚು ಕಿಂಡಿ ಮುಚ್ಚಿ ಓಡಿಸಿದರು. ನಾವು ಚಹಾ ಕುಡಿದು ಮುಗಿಸುವ ಮೊದಲೇ ಉತ್ತರ ಬಂತು. ನೀರು ಎಲ್ಲಿಗೆ ಏರಿತ್ತೋ ಸರಿಯಾಗಿ ಅಲ್ಲಿಗೇ ತೋರಿಸುತ್ತಿತ್ತು, ಅಟ್ಟಣಿಗೆಯ ಮೇಲಕ್ಕೆ.

“ಇಷ್ಟೇ ಹೊತ್ತ್ ಸಾಕಿದ್ದಿತ್ತ್” ಎಂದರು. ಪರದೆಯನ್ನು ನೋಡುತ್ತಲೇ ಇದ್ದರು.

ಆಮೇಲೆ ವಿಚಾರಣೆ ನಡೆಯಿತು. ಮೇಡಂ ಹೋಗಿ, ಹಲಗೆ ತೆಗೆಸದ ಅಣ್ಣನದೂ ತಪ್ಪು, ಆ ಲೆಕ್ಕ ಮಾಡದ ತಮ್ಮದೂ ತಪ್ಪು ಎಂದು ಹೇಳಿ ಬಂದರು. ಪ್ರಕೃತಿ ವಿಕೋಪ ಎಂದು ತೀರ್ಮಾನವಾಯಿತು. ಮನೆತನದವರು ಅವರನ್ನು ಶುಭಕ್ಕೂ ಕರೆಯುವುದು ಬಿಟ್ಟರು, ಅಶುಭಕ್ಕೂ ಬಿಟ್ಟರು. ತೊನ್ನು ತಲೆಗೆ ಏರಿದೆ ಎಂದು ಅಣ್ಣ ಹೇಳಿಕೊಂಡು ತಿರುಗುತ್ತಿದ್ದರೆಂದು ಕೇಳಿದೆ. ಮದುವೆ ತಪ್ಪಿದ ಹುಡುಗಿ ಚಿಕ್ಕಮ್ಮನ ಜತೆ ಮುಂಬಯಿಗೆ ಹೋದಳು. ಅವಳ ತಾಯಿ ಮಾತ್ರ ಮಾರ್ಕೆಟ್ಟಿನ ಅದೇ ಜಾಗದಲ್ಲಿ ಕೂರುತ್ತಿದ್ದಳು.

ಮೇಡಂ ಮೊದಲಿನ ಹಾಗೆಯೇ ಮೀನಿಗೆ ಅವಳ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ಅವಳು ಮುಂದಿನವರಿಗೆ ಕೊಡುತ್ತಿದ್ದಳು, ಹಿಂದಿನವರಿಗೆ ಕೊಡುತ್ತಿದ್ದಳು, ಇವರನ್ನು ಕಾಣದವಳ ಹಾಗೆ. ಬಂಗುಡೆ ಬುಟ್ಟಿ ತುಂಬ ಇದ್ದಾಗಲೂ, “ಇಲ್ಲೆ, ಮುಗೀತ್” ಎಂದು ಪಕ್ಕದವಳಿಗೆ ಕೇಳುವಂತೆ ಹೇಳುತ್ತಿದ್ದಳು. ಪಕ್ಕದ ಹೆಂಗಸರು “ಬನ್ನಿ ಅಮ್ಮ, ನಮ್ಹತ್ರ ತಕಣಿ” ಎಂದರೂ ಮೇಡಂ ಹೋಗುತ್ತಿರಲಿಲ್ಲ. ಖಾಲಿ ಚೀಲ ಹಿಡಿದು ವಾಪಸು. ಮತ್ತೆ ಮುಂದಿನ ವಾರ ಅದೇ ಜಾಗ. ಹುಟ್ಟಿದಾಗಿನಿಂದ ಮೀನು ತಿಂದು ಬೆಳೆದ ಜೀವ, ಕೊನೆಯವರೆಗೂ ಆಮೇಲೆ ಮೀನು ತಿನ್ನಲಿಲ್ಲ. ಅದು ಪಶ್ಚಾತ್ತಾಪವೋ ಹಟವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ, “ಅವ್ಳಿಗ್ ಒಬ್ರನ್ನಾರೂ ವಾಪಾಸ್ ಕಳ್ಸುಕ್ ಸಿಗ್ಲಿ” ಎಂದಿದ್ದರು.

ಆಫೀಸಿಗೆ ಕೆಲಸ ಬರುವುದು ಕಡಿಮೆಯಾಯಿತು. ಬಂದ ಕೆಲಸಕ್ಕೂ ಮೇಡಂ ಒಂದು ಪರ್ಯಾಯ ಹೆಚ್ಚಿಗೆ ಸೇರಿಸುತ್ತಿದ್ದರು: ಕಟ್ಟಿದ್ದನ್ನು ಯಾರೂ ನೋಡಿಕೊಳ್ಳದಿದ್ದರೆ, ಕಸ ತುಂಬಿದರೆ, ಹಲಗೆ ತೆಗೆಯದಿದ್ದರೆ. ಕೆಲಸ ಕೊಟ್ಟವರಿಗೆ ಅದು ಬೇಡವಾಗಿತ್ತು. ಕಡೆಗೆ ಮಾಳಿಗೆ ಬಿಟ್ಟುಕೊಟ್ಟರು. ಎರಡು ಕಂಪ್ಯೂಟರಿನಲ್ಲಿ ಒಂದನ್ನು ನನಗೆ ಕೊಟ್ಟು, “ಹಾಳ್ ಮಾಡ್ಬೇಡ” ಎಂದರು. ನಾನು ಕೋಟೇಶ್ವರದ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣದಾಗಿ ಕೆಲಸ ಶುರು ಮಾಡಿದೆ.

ಅವರಿಗೆ ಮೂತ್ರಪಿಂಡದ ಕಾಯಿಲೆ ಶುರುವಾಗಿ ಆಸ್ಪತ್ರೆಗೆ ಸೇರಿದಾಗ ನೋಡಿಕೊಳ್ಳಲು ಸಂಬಳದ ಹೆಂಗಸೊಬ್ಬಳಿದ್ದಳು. ನಾನು ಬಿಡುವಾದಾಗ ಹೋಗುತ್ತಿದ್ದೆ. ಕೊನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ಮುಖ ಊದಿಕೊಂಡಿತ್ತು, ಮಾತು ಬಹಳ ಸಣ್ಣಗೆ ಬರುತ್ತಿತ್ತು. ಕಿತ್ತಳೆ ಹಣ್ಣು ಸುಲಿದು ಕೊಟ್ಟೆ. ಬೇಡವೆಂದು ತಲೆಯಾಡಿಸಿ, “ಈಗ ಎಂತ ಕೆಲ್ಸ?” ಎಂದರು.

ಬ್ರಹ್ಮಾವರದ ಕಡೆ ಹಳ್ಳದಂಥ ಒಂದು ತೋಡಿಗೆ ಅಡ್ಡವಾಗಿ ರಸ್ತೆ ಬರುತ್ತದೆ, ಅದರ ಅಡಿಗೆ ಮೋರಿ ಎಷ್ಟು ದೊಡ್ಡದು ಬೇಕೆಂದು ಎರಡು ಪರ್ಯಾಯ ನೋಡುತ್ತಿದ್ದೇನೆ ಎಂದೆ.

“ಮುಚ್ಚಿ ಕಂಡ್ಯಾ?”

“ಕಂಡೆ ಮೇಡಂ. ಕಸ ಕಟ್ಟಿರೆ ಮೇಲ್ಗಡಿ ನಾಲ್ಕ್ ಮನಿ ಅಂಗ್ಳಕ್ ನೀರ್ ಬತ್ತ್. ಒಂದ್ ಮನಿ ಒಳ್ಗೂ ಹೋತ್ತ್.”

“ಹೋಯಿ ಹೇಳಿದ್ಯಾ ಅವ್ರಿಗೆ?”

“ಇಲ್ಲೆ. ಇನ್ನ್ ಹೇಳ್ಕ್. ಮುಂದಿನ ವಾರ...”

ಅವರು ಕಣ್ಣು ಅಗಲ ಮಾಡಿ ನನ್ನನ್ನು ನೋಡಿದರು. ಹಾಗೆ ಅವರು ನೋಡಿದಾಗ ನನಗೆ ಈಗಲೂ, ಮಗಳು ಕಾಲೇಜಿಗೆ ಹೋಗುವ ವಯಸ್ಸಾದ ಮೇಲೂ, ಹಗ್ಗದ ಅಂಗಡಿಯ ಮೆಟ್ಟಿಲೇ ನೆನಪಾಗುತ್ತಿತ್ತು.

“ಮತ್ತೆ ಇಲ್ಲಿ ಎಂತಕ್ ಕೂಕಂಡಿದ್ದೆ?” ಎಂದರು. “ನಾ ಸಾಯುದ್ ಕಾಂಬುಕಾ? ಅದ್ರಂಗ್ ಎಂತ ಇತ್ತ್ ಕಾಂಬುಕೆ? ಹೋಗ್.”

“ಮೇಡಂ, ಇವತ್ತೊಂದಿನ...”

“ಹೋಗ್ ಅಂದೆ.” ಸಂಬಳದ ಹೆಂಗಸಿನ ಕಡೆ ತಿರುಗಿ, “ಹೆಣ್ಣೇ, ಇವಳನ್ನ ಹೊರಗ್ ಹಾಕ್” ಎಂದರು. ಅವಳು ತಬ್ಬಿಬ್ಬಾಗಿ ನನ್ನನ್ನು ನೋಡಿದಳು. ಮೇಡಂ ಆಗಲೇ ಗೋಡೆಯ ಕಡೆಗೆ ಹೊರಳಿದ್ದರು. ಕಿತ್ತಳೆಯ ತೊಳೆಗಳನ್ನು ತಟ್ಟೆಯಲ್ಲಿ ಬಿಟ್ಟು ಎದ್ದು ಬಂದೆ.

ಸಿಟ್ಟು ಬಂದಿತ್ತು. ಅಷ್ಟು ದೂರದಿಂದ ಎರಡು ಬಸ್ಸು ಹತ್ತಿ ಹೋಗಿದ್ದೆ. ಆದರೂ ವಾಪಸು ಬರುವ ದಾರಿಯಲ್ಲಿ ಬ್ರಹ್ಮಾವರದಲ್ಲಿ ಇಳಿದು, ಆ ತೋಡಿನ ಬದಿಯ ಮನೆಗಳ ದಾರಿ ಹಿಡಿದೆ. ಮೊದಲನೆಯ ಮನೆಯವರು ಕೂರಿಸಿ ಕೇಳಿದರು. ಎರಡನೆಯ ಮನೆ, ಹೊಸದಾಗಿ ಕಟ್ಟಿದ್ದು. ನೀರು ಒಳಗೆ ಹೋಗುವುದು ಅದಕ್ಕೇ. ಯಜಮಾನ ನನ್ನ ಮಾತು ಪೂರ್ತಿ ಕೇಳದೆ ಅಂಗಳಕ್ಕಿಳಿದು ಬೈಯತೊಡಗಿದ. ಸಾಲ ಮಾಡಿ ಮನೆ ಕಟ್ಟಿದವನಿಗೆ ಶಾಪ ಹಾಕಲಿಕ್ಕೆ ಬಂದವಳು ನೀನು ಯಾರು, ನಿನ್ನನ್ನು ಕಳಿಸಿದವರು ಯಾರು ಎಂದು. ಅಕ್ಕಪಕ್ಕದವರು ಬೇಲಿಯ ಹತ್ತಿರ ಬಂದು ನಿಂತರು. ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿದ್ದ ಹೆಂಗಸು. “ಅಮ್ಮ ಹೋದ್ರ್” ಎಂದಳು.

ಯಜಮಾನ ಬೈಯುವುದನ್ನು ನಿಲ್ಲಿಸಿರಲಿಲ್ಲ. ನಾನು ಮೊಬೈಲನ್ನು ಚೀಲದಲ್ಲಿಟ್ಟು ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದೆ. ಆಮೇಲೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ. ಹೇಳಿ ಮುಗಿಸಿ ಮೂರನೆಯ ಮನೆಗೆ ಹೋದೆ.